ಹಬೆಯ ಕೆಲಸ, ಅಲೆಯ ಕೆಲಸ: ಗಂಗಾವತಿಯ ಗಿರಣಿಗಳು ಕಲಿಸುವ ಪಾಠ

1953ರಲ್ಲಿ ಸಿದ್ಧವಾದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಗಂಗಾವತಿ ಮತ್ತು ಕಾರಟಗಿ ಭಾಗವನ್ನು ಭತ್ತದ ಕಣಜವಾಗಿಸಿತು. ಅದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹೆಚ್ಚಿನ ಹೊಲಗಳು ಇಂದಿಗೂ ಮಳೆಯನ್ನೇ ನಂಬಿ ಸಜ್ಜೆ, ಜೋಳಗಳನ್ನು ಬೆಳೆಯುತ್ತವೆ. ನೀರಾವರಿಯ ಭತ್ತಕ್ಕೂ ಒಣಭೂಮಿಯ ಸಜ್ಜೆಗೂ ಕೊಯ್ಲಿನ ನಂತರ ಶಾಖದ ನೆರವು ಬೇಕಾಗುತ್ತದೆಯಾದರೂ ಆ ಶಾಖವನ್ನು ಯಾವ ಮೂಲದಿಂದ, ಯಾವ ಹಂತದಲ್ಲಿ ಕೊಡಬೇಕೆಂಬ ಪ್ರಶ್ನೆಗೆ ಉತ್ತರ ಎರಡಕ್ಕೂ ಒಂದೇ ಅಲ್ಲ. ಮೈಕ್ರೋವೇವ್ ಮತ್ತು ರೇಡಿಯೋ ಅಲೆಗಳ ಯಂತ್ರಗಳನ್ನು ಆಹಾರೋದ್ಯಮಕ್ಕೆ ತರುವ ಮಾತು ಬಂದಾಗಲೆಲ್ಲ ಗಿರಣಿಗಳ ಅನುಭವ ಈ ಪ್ರಶ್ನೆಯನ್ನೇ ಮುಂದಿಡುತ್ತದೆ.

ಹಬೆಯಾಗಲಿ ಬಿಸಿಗಾಳಿಯಾಗಲಿ ಕಾಳಿನ ಮೇಲ್ಮೈಯನ್ನು ಮೊದಲು ತಾಗುತ್ತದೆ, ಅಲ್ಲಿಂದ ಶಾಖ ನಿಧಾನವಾಗಿ ಒಳಗಿಳಿಯುತ್ತದೆ. ವಿದ್ಯುತ್ಕಾಂತೀಯ ಅಲೆಯಾದರೋ ಪದಾರ್ಥದೊಳಕ್ಕೆ ಹೊಕ್ಕು, ಅಲ್ಲಿನ ನೀರಿನ ಅಣುಗಳನ್ನು ಹಾಗೂ ಲವಣಗಳ ಅಯಾನುಗಳನ್ನು ಅತಿ ವೇಗದಲ್ಲಿ ಅತ್ತಿತ್ತ ತಿರುಗಿಸಿ ಚಲಿಸುವಂತೆ ಮಾಡುತ್ತದೆ, ಆ ಘರ್ಷಣೆಯಿಂದ ಪದಾರ್ಥದೊಳಗೇ ಶಾಖ ಹುಟ್ಟುತ್ತದೆ. 2450 ಮೆಗಾಹರ್ಟ್ಸ್‌ನ ಮೈಕ್ರೋವೇವ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಎರಡು ಲೋಹದ ಫಲಕಗಳ ನಡುವೆ ಪದಾರ್ಥವನ್ನು ಸಾಗಿಸಿ ಬಿಸಿಮಾಡುವ ರೇಡಿಯೋ ಆವರ್ತನ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಳಸುವ 27.12 ಮೆಗಾಹರ್ಟ್ಸ್‌ನ ತರಂಗ ಸುಮಾರು 11 ಮೀಟರ್ ಉದ್ದವಿರುವುದರಿಂದ ದಪ್ಪ ಪದರಗಳನ್ನೂ ಅದು ಹೆಚ್ಚು ಆಳದವರೆಗೆ ಬಿಸಿಮಾಡಬಲ್ಲದು.

ಗಿರಣಿಯ ಮೊದಲ ಪಾಠ ಲೆಕ್ಕಕ್ಕೆ ಸಂಬಂಧಿಸಿದ್ದು. ಕುಸುಬಲಕ್ಕಿಗಾಗಿ ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ ಹಬೆ ಕೊಟ್ಟಾಗ ಅದರ ತೇವಾಂಶ ಸುಮಾರು ಶೇ 35ಕ್ಕೆ ಏರುತ್ತದೆ, ಅದನ್ನು ಶೇ 14ಕ್ಕೆ ಇಳಿಸಬೇಕೆಂದರೆ ಒಂದು ಟನ್ ಒದ್ದೆ ಭತ್ತದಿಂದ ಸುಮಾರು 244 ಕಿಲೋ ನೀರು ಆವಿಯಾಗಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.63 ಯೂನಿಟ್ ಶಕ್ತಿ ಬೇಕಾದ್ದರಿಂದ ಇದಕ್ಕೆ ಕನಿಷ್ಠ 153 ಯೂನಿಟ್ ತಗಲುತ್ತದೆ. ಅಲೆಯನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ನಳಿಗೆಯಲ್ಲಾಗುವ ನಷ್ಟ ಸೇರಿದರೆ ವಿದ್ಯುತ್ ಬಳಕೆ 200 ಯೂನಿಟ್ ದಾಟುತ್ತದೆ. ಆದರೆ ಭತ್ತದ ತೂಕದ ಸುಮಾರು ಐದನೆಯ ಒಂದು ಭಾಗ ಹೊಟ್ಟಾಗಿ ಗಿರಣಿಯಲ್ಲೇ ಉಳಿಯುತ್ತದೆ, ಬಾಯ್ಲರಿನಲ್ಲಿ ಉರಿದು ಹಬೆಯನ್ನೂ ಬಿಸಿಗಾಳಿಯನ್ನೂ ಕೊಡುತ್ತದೆ. ಕೈಯಲ್ಲೇ ಇರುವ ಈ ಇಂಧನವನ್ನು ಬಿಟ್ಟು ಇಷ್ಟು ನೀರನ್ನು ವಿದ್ಯುತ್ತಿನಿಂದ ಆರಿಸುವುದು ಹಣವನ್ನೇ ಆವಿಯಾಗಿಸಿದಂತೆ.

ಎರಡನೆಯ ಪಾಠ ಅವಸರದ ಬಗೆಗಿನದು. ಒಣಗುವಾಗ ಕಾಳಿನ ಹೊರಭಾಗಕ್ಕೂ ಒಳಭಾಗಕ್ಕೂ ತೇವಾಂಶದ ವ್ಯತ್ಯಾಸ ಹೆಚ್ಚಾದರೆ ಕಾಳಿನಲ್ಲಿ ಸೂಕ್ಷ್ಮ ಬಿರುಕು ಮೂಡಿ ಪಾಲಿಶ್ ಮಾಡುವಾಗ ಇಡಿ ಅಕ್ಕಿಗಿಂತ ನುಚ್ಚೇ ಹೆಚ್ಚುತ್ತದೆ. ಆದ್ದರಿಂದಲೇ ಭತ್ತವನ್ನು ಶೇ 16ರಿಂದ 18ರವರೆಗೆ ಆರಿಸಿ, ಕೆಲವು ಗಂಟೆ ರಾಶಿಯಲ್ಲಿ ತೇವಾಂಶ ಸಮವಾಗುವಂತೆ ಬಿಟ್ಟು, ಬಳಿಕ ಉಳಿದುದನ್ನು ತೆಗೆಯುವ ರೂಢಿ ಬಂದಿದೆ. ಅಲೆಯ ವೇಗ ಈ ವಿರಾಮದ ಅಗತ್ಯವನ್ನು ಅಳಿಸುವುದಿಲ್ಲ. ಒಳಗಿನ ನೀರು ಒಮ್ಮೆಲೆ ಆವಿಯಾದರೆ ಅದರ ಒತ್ತಡವೇ ಕಾಳನ್ನು ಸೀಳಬಹುದು.

ವೇಗವೇ ಬೇಕಾದ ಜಾಗ ತೌಡಿನದು. ಹಬೆ ಕೊಡದ ಭತ್ತದ ಅಕ್ಕಿಯನ್ನು ಪಾಲಿಶ್ ಮಾಡುವಾಗ ಹೊರಬಿದ್ದ ತೌಡಿನಲ್ಲಿ ಶೇ 15ರಿಂದ 20ರಷ್ಟು ಎಣ್ಣೆ ಇರುತ್ತದೆ. ಕಾಳಿನ ಪದರಗಳು ಒಡೆದ ಕೂಡಲೇ ಲೈಪೇಸ್ ಎಂಬ ಕಿಣ್ವ ಆ ಎಣ್ಣೆಯನ್ನು ಸೀಳಿ ಮುಕ್ತ ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡುತ್ತದೆ, ಹೀಗೆ ಕೆಲವೇ ದಿನಗಳಲ್ಲಿ ತೌಡು ಕಮಟಾಗಿ ಖಾದ್ಯತೈಲದ ಕಚ್ಚಾವಸ್ತುವಾಗಿ ಅದರ ಬೆಲೆ ಇಳಿಯುತ್ತದೆ. 1999ರಲ್ಲಿ ಪ್ರಕಟವಾದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ತೌಡಿನ ತೇವಾಂಶವನ್ನು ಮೊದಲು ಶೇ 21ಕ್ಕೆ ಏರಿಸಿ 3 ನಿಮಿಷ ಮೈಕ್ರೋವೇವ್ ಶಾಖ ಕೊಡಲಾಯಿತು. ಒಣ ತೌಡಿನಲ್ಲಿ ಕಿಣ್ವ ಶಾಖವನ್ನು ತಾಳಿಕೊಳ್ಳುತ್ತದೆ, ಅಲೆಯನ್ನು ಹೀರುವ ನೀರೂ ಅಲ್ಲಿ ಕಡಿಮೆ. ಹಾಗಾಗಿ ಒಣ ಪದಾರ್ಥವನ್ನು ಉಳಿಸಲು ಮೊದಲು ಅದನ್ನು ತುಸು ಒದ್ದೆ ಮಾಡಬೇಕಾಗುತ್ತದೆ.

ಕುಷ್ಟಗಿ, ಯಲಬುರ್ಗಾದ ಸಜ್ಜೆಗೂ ಇದೇ ತರ್ಕ ಅನ್ವಯಿಸುತ್ತದೆ. ಸಜ್ಜೆಯ ಮೊಳಕೆಭಾಗ ಕಾಳಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು, ಅದರಲ್ಲಿ ಕೊಬ್ಬೂ ಹೆಚ್ಚು. ಆದ್ದರಿಂದ ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ, ರೊಟ್ಟಿಗೆ ಬೇಕಾದಷ್ಟನ್ನೇ ಆಗಾಗ ಬೀಸಿಸುವುದು ಜಾಣತನ. ಪೊಟ್ಟಣದ ಹಿಟ್ಟನ್ನು ಮಾರುವ ಉದ್ಯಮಕ್ಕೆ ಆ ಅನುಕೂಲ ಇಲ್ಲದ್ದರಿಂದ, ಬೀಸುವ ಮೊದಲೇ ಇಡೀ ಕಾಳಿನಲ್ಲಿ ಕಿಣ್ವವನ್ನು ನಿಷ್ಕ್ರಿಯಗೊಳಿಸುವ ಕ್ರಮಕ್ಕೆ ಇಲ್ಲಿ ನಿಜವಾದ ಬೆಲೆಯಿದೆ.

ಯಂತ್ರದೊಳಗೆ ಅಲೆ ಎಲ್ಲೆಡೆ ಒಂದೇ ಸಮ ಇರದ ಕಾರಣ ಒಂದು ಕಡೆ ತೌಡು ಸೀದು ಇನ್ನೊಂದು ಕಡೆ ಕಿಣ್ವ ಉಳಿಯಬಹುದು, ಚೀಲದಿಂದ ಬಿದ್ದ ಒಂದು ಮೊಳೆ ಕಿಡಿ ಹಾರಿಸಬಹುದು. ಆದ್ದರಿಂದ ಜರಡಿ ಮತ್ತು ಅಯಸ್ಕಾಂತ ಅಲೆಗಿಂತ ಮೊದಲು ಬರಬೇಕು, ಪದರದ ದಪ್ಪ ಸಮನಾಗಿರಬೇಕು, ಪದಾರ್ಥವನ್ನು ಸಾಗಿಸುವ ಬೆಲ್ಟಿನ ಎರಡು ತುದಿಗಳಲ್ಲೂ ಅಲೆಯ ಸೋರಿಕೆಯನ್ನು ತಡೆಯಬೇಕು, ಹಲವು ಜಾಗಗಳ ಮಾದರಿಗಳಲ್ಲಿ ಕೊಬ್ಬಿನಾಮ್ಲವನ್ನು ಅಳೆಯಬೇಕು. ಒಟ್ಟಿನಲ್ಲಿ, ನೀರನ್ನು ಆರಿಸುವ ಭಾರದ ಕೆಲಸವನ್ನು ಹೊಟ್ಟಿನ ಬೆಂಕಿಗೆ ಬಿಟ್ಟು, ನಿಮಿಷಗಳಲ್ಲಿ ಮುಗಿಯಬೇಕಾದ ತೌಡು ಮತ್ತು ಸಜ್ಜೆಯ ಕೆಲಸಕ್ಕೆ ಮಾತ್ರ ಅಲೆಯನ್ನು ನಿಯೋಜಿಸುವ ಗಿರಣಿಯೇ ಈ ತಂತ್ರಜ್ಞಾನದಿಂದ ಲಾಭ ಕಾಣಬಲ್ಲದು.