ಭುಜದ ನೋವಿಗೆ ಕೀಹೋಲ್ ಸರ್ಜರಿ ಬೇಕೇ?

ಪ್ರಶ್ನೆ: ನನಗೆ 54 ವರ್ಷ. ಬಲಗೈ ಮೇಲೆತ್ತಿದರೆ ಭುಜದಲ್ಲಿ ನೋವು. ‘ಇಂಪಿಂಜ್‌ಮೆಂಟ್’ ಎಂದಿದ್ದಾರೆ. ಇಂಗ್ಲೆಂಡಿನಲ್ಲಿರುವ ನಮ್ಮ ಭಾವನವರಿಗೂ ಇದೇ ತೊಂದರೆಯಿತ್ತು. ಕೆಲವು ವರ್ಷಗಳ ಹಿಂದೆ ಅಲ್ಲಿ ಕೀಹೋಲ್ ಸರ್ಜರಿ ಮಾಡಿಸಿಕೊಂಡು ಗುಣವಾದರು. ನಮ್ಮ ವೈದ್ಯರು ಮಾತ್ರ ಮೂರು ತಿಂಗಳು ವ್ಯಾಯಾಮ ಮಾಡಿ ಎನ್ನುತ್ತಾರೆ. ಅಷ್ಟು ಸುಲಭದ ಆಪರೇಷನ್ ಇರುವಾಗ ಕಾಯುವುದೇಕೆ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಮನೆಯವರೇ ಒಬ್ಬರು ಗುಣವಾಗಿರುವಾಗ ಅದೇ ಚಿಕಿತ್ಸೆ ನನಗೇಕೆ ಬೇಡ ಎಂಬ ಸಂದೇಹ ಯಾರಿಗಾದರೂ ಬರುವಂಥದ್ದೇ.

ಮೊದಲು ನೋವಿನ ಜಾಗ ತಿಳಿದುಕೊಳ್ಳೋಣ. ಹೆಗಲಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಸಿಗುವ ಎಲುಬಿನ ಚಾಚು ಅಕ್ರೋಮಿಯನ್. ಅದಕ್ಕೂ ತೋಳಿನ ಎಲುಬಿನ ಗುಂಡಾದ ತಲೆಗೂ ನಡುವೆ ಕಿರಿದಾದ ಸಂದಿಯಿದೆ. ತೋಳನ್ನು ಎತ್ತುವ ಒಂದು ಸ್ನಾಯುರಜ್ಜು ಹಾದುಹೋಗುವುದು ಅಲ್ಲಿಯೇ. ಅದರ ಮೇಲೆ ಬರ್ಸಾ ಎಂಬ ತೆಳುವಾದ ಚೀಲವಿರುತ್ತದೆ. ತೋಳನ್ನು ಪಕ್ಕದಿಂದ ಎತ್ತುತ್ತ ಹೋದಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಚುಚ್ಚಿ, ಅದನ್ನು ದಾಟಿದ ಮೇಲೆ ನೋವು ಇಳಿದರೆ ವೈದ್ಯರ ಗಮನ ಈ ಸಂದಿಯತ್ತ ಹೋಗುತ್ತದೆ.

‘ಇಂಪಿಂಜ್‌ಮೆಂಟ್’ ಎನ್ನುವ ಈ ನೋವನ್ನು ‘ಫ್ರೋಜನ್ ಶೋಲ್ಡರ್’ ಎಂದು ಅನೇಕರು ತಿಳಿಯುತ್ತಾರೆ. ಎರಡೂ ಬೇರೆ. ಫ್ರೋಜನ್ ಶೋಲ್ಡರಿನಲ್ಲಿ ಕೀಲೇ ಬಿಗಿದಿರುತ್ತದೆ, ಇನ್ನೊಬ್ಬರು ಹಿಡಿದು ಎತ್ತಿದರೂ ತೋಳು ಪೂರ್ತಿ ಏಳುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಹೆಚ್ಚು. ನಿಮ್ಮದು ಹಾಗಲ್ಲವೆಂದು ವೈದ್ಯರು ನೋಡಿಯೇ ಹೇಳಿರುತ್ತಾರೆ.

ಇನ್ನು ಆಪರೇಷನ್ ವಿಷಯ. ಅಕ್ರೋಮಿಯನ್ನಿನ ಅಡಿಭಾಗ ರಜ್ಜಿಗೆ ಉಜ್ಜುವುದರಿಂದ ನೋವು ಬರುತ್ತದೆ, ಆ ಭಾಗವನ್ನು ತೆಗೆದರೆ ಸರಿಹೋಗುತ್ತದೆ ಎಂದು 1972ರಲ್ಲಿ ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್ ಪ್ರತಿಪಾದಿಸಿದರು. ಆಗ ಭುಜವನ್ನು ಕೊಯ್ದೇ ಮಾಡಬೇಕಿತ್ತು. 1980ರ ದಶಕದಲ್ಲಿ ಇದೇ ಕೆಲಸ ಕೀಹೋಲ್ ವಿಧಾನಕ್ಕೆ ಬಂತು. ಒಂದು ಸೆಂಟಿಮೀಟರಿಗೂ ಕಡಿಮೆಯ ಎರಡು ಮೂರು ರಂಧ್ರ. ಒಂದರಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಕ್ಯಾಮೆರಾ ಕೊಳವೆ. ಒಳಗೆ ಸಲೈನ್ ಹರಿಸಿ ಜಾಗ ಹಿಗ್ಗಿಸುತ್ತಾರೆ. ಪರದೆಯಲ್ಲಿ ನೋಡುತ್ತ ಊದಿದ ಬರ್ಸಾ ತೆಗೆದು, ತಿರುಗುವ ಪುಟ್ಟ ಅರದಿಂದ ಎಲುಬಿನ ಅಡಿಯನ್ನು ಸವೆಸುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.

ತರ್ಕ ಎಷ್ಟು ಒಪ್ಪುವಂತಿತ್ತೆಂದರೆ ಬ್ರಿಟನ್ನಿನಲ್ಲಿ ಇದು ಬಹಳ ಸಾಮಾನ್ಯ ಆಪರೇಷನ್ ಆಯಿತು. ಆದರೆ ಗುಣ ಬರುವುದು ಎಲುಬು ಸವೆಸಿದ್ದರಿಂದಲೇ? ಅದನ್ನು ಪರೀಕ್ಷಿಸಲು ಅಲ್ಲಿನ ವೈದ್ಯರೇ ಮುಂದಾದರು. ವ್ಯಾಯಾಮ, ಇಂಜೆಕ್ಷನ್ ಎರಡೂ ಆಗಿ ನೋವು ಉಳಿದಿದ್ದ 313 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ನಿಜವಾದ ಆಪರೇಷನ್. ಇನ್ನೊಂದಕ್ಕೆ ಕ್ಯಾಮೆರಾ ಹಾಕಿ ನೋಡಿದ್ದಷ್ಟೇ, ಏನನ್ನೂ ತೆಗೆಯಲಿಲ್ಲ. ಮೂರನೆಯದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎಲುಬು ಸವೆಸಿಕೊಂಡವರಿಗೂ ಬರೀ ಕ್ಯಾಮೆರಾ ಹಾಕಿಸಿಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಇವರಿಬ್ಬರೂ ತುಸು ಮೇಲು, ಆದರೆ ರೋಗಿಗೆ ಮುಖ್ಯವೆನಿಸುವಷ್ಟಲ್ಲ. ಅದೇ ವರ್ಷ ಫಿನ್ಲೆಂಡಿನ ಅಧ್ಯಯನವೂ ಎರಡು ವರ್ಷ ರೋಗಿಗಳನ್ನು ಗಮನಿಸಿ, ನಿಜವಾದ ಆಪರೇಷನ್ನಿಗೂ ಬರೀ ಕ್ಯಾಮೆರಾಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ ಎಂದಿತು. 2019ರಲ್ಲಿ ‘ಬಿಎಂಜೆ’ಯ ತಜ್ಞರ ಸಮಿತಿ ಇಂಥ ನೋವಿಗೆ ಈ ಆಪರೇಷನ್ ಬೇಡವೆಂದೇ ಸಲಹೆ ಕೊಟ್ಟಿತು.

ಹಾಗಾದರೆ ನಿಮ್ಮ ಭಾವನವರ ನೋವು ಹೋದದ್ದು ಸುಳ್ಳೇ? ಖಂಡಿತ ಅಲ್ಲ. ಇಂಥ ನೋವು ಅನೇಕರಲ್ಲಿ ಕಾಲಕ್ರಮದಲ್ಲಿ ತಾನಾಗಿಯೇ ಇಳಿಯುತ್ತದೆ. ಆಪರೇಷನ್ನಿನ ನಂತರ ವಿಶ್ರಾಂತಿ, ಫಿಸಿಯೋಥೆರಪಿ ಎರಡೂ ಸಿಗುತ್ತವೆ. ಚಿಕಿತ್ಸೆಯಾಯಿತೆಂಬ ಭರವಸೆಯೂ ನೋವನ್ನು ತಗ್ಗಿಸುತ್ತದೆ. ಇವುಗಳಲ್ಲಿ ಯಾವುದರ ಪಾಲೆಷ್ಟು ಎಂದು ಒಬ್ಬರನ್ನೇ ನೋಡಿ ಹೇಳಲಾಗದು, ಅದಕ್ಕಾಗಿಯೇ ಗುಂಪುಗಳ ಹೋಲಿಕೆ ಬೇಕಾದದ್ದು. ರಂಧ್ರ ಚಿಕ್ಕದಾದರೂ ಅರಿವಳಿಕೆ, ಸೋಂಕು, ಆಮೇಲೆ ಭುಜ ಬಿಗಿಯುವ ಅಪಾಯ ಸ್ವಲ್ಪವಾದರೂ ಇದ್ದೇ ಇರುತ್ತದೆ.

ಆದ್ದರಿಂದ ವೈದ್ಯರು ನಿಮ್ಮನ್ನು ಸುಮ್ಮನೆ ಕಾಯಿಸುತ್ತಿಲ್ಲ. ವ್ಯಾಯಾಮವೇ ಚಿಕಿತ್ಸೆ. ಭುಜದ ಸುತ್ತಲಿನ ಮತ್ತು ಹೆಗಲೆಲುಬನ್ನು ಹಿಡಿದಿಡುವ ಸ್ನಾಯುಗಳಿಗೆ ರಬ್ಬರ್ ಪಟ್ಟಿಯಿಂದ ನಿಧಾನವಾಗಿ ಬಲ ತುಂಬಬೇಕು, ವಾರಗಟ್ಟಲೆ ಬಿಡದೆ ಮಾಡಬೇಕು. ಅಟ್ಟದ ಡಬ್ಬಿ ಇಳಿಸುವಂಥ ಕೆಲಸ ಸದ್ಯಕ್ಕೆ ಬೇರೆಯವರಿಗೆ ಬಿಡಿ. ನೋವಿನಿಂದ ನಿದ್ದೆಯೇ ಬಾರದಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳಿ. ಕೆಲವು ವಾರ ಆರಾಮ ಸಿಗಬಹುದು.

ಈ ಮಾತೆಲ್ಲ ರಜ್ಜು ಹರಿಯದಿರುವವರಿಗೆ. ಬಿದ್ದು ಪೆಟ್ಟಾಗಿ, ಅಲ್ಲಿಂದೀಚೆಗೆ ತೋಳು ಎತ್ತಲಿಕ್ಕೇ ಆಗದಿದ್ದರೆ ರಜ್ಜು ಹರಿದಿರಬಹುದು. ಅದನ್ನು ಹೊಲಿಯುವ ಆಪರೇಷನ್ನೇ ಬೇರೆ, ಅಲ್ಲಿ ತಡಮಾಡಬಾರದು. ಭುಜ ಕೆಂಪಾಗಿ ಊದಿ ಜ್ವರ ಬಂದರೂ ಕೂಡಲೇ ಆಸ್ಪತ್ರೆಗೆ ಹೋಗಿ.