ಡಿಜಿಟಲ್ ಅರೆಸ್ಟ್: ಕಾನೂನಿನಲ್ಲಿ ಇಲ್ಲದ ಬಂಧನ

2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ ಎಂದು ಹೆದರಿಸಿ ಹಣ ಕೀಳುವ ವಂಚಕರ ಬೆದರಿಕೆಗೆ ಸಿಲುಕಿ ಪ್ರಾಣ ಕಳೆದುಕೊಂಡರು. ಇದು ನಗರದ ಪಿಡುಗೆಂದು ಇಂಗಳೇಶ್ವರದಂಥ ಹಳ್ಳಿಗಳು ನಿಶ್ಚಿಂತೆಯಿಂದ ಇರುವಂತಿಲ್ಲ. ಆದರೆ ಕರೆಯಲ್ಲೇ ಬಂಧಿಸುವುದು ಕಾನೂನಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಂತೆ, ಬಂಧಿಸುವ ಅಧಿಕಾರಿಯ ಮೈಮೇಲೆ ಹೆಸರು ಎದ್ದು ಕಾಣಬೇಕು, ಬಂಧನ ಪತ್ರಕ್ಕೆ ಸಾಕ್ಷಿಯ ಸಹಿ ಬೀಳಬೇಕು. ಬಾಯಿಮಾತಿನಲ್ಲಿ ಶರಣಾದರೂ ಬಂಧನವೇ ಎಂದು 43ನೇ ಕಲಂ ಹೇಳುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಿಜ; ಆದರೆ ಶರಣಾಗುವುದು ಎದುರಿಗಿರುವ ಪೊಲೀಸರ ವಶಕ್ಕೆ, ವಿಡಿಯೊ ಕರೆಯ ಪರದೆಗಲ್ಲ. ಫೋನಿನಲ್ಲಿ ಹಣ ಹಾಕಿಸಿಕೊಂಡು ಜಾಮೀನು ಕೊಡುವ ಪದ್ಧತಿಯಂತೂ ಯಾವ ಠಾಣೆಯಲ್ಲೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು: ಹಣ ಖಾತೆಯಿಂದ ಖಾತೆಗೆ ದಾಟಿದಷ್ಟೂ ತಡೆಹಿಡಿಯುವುದು ಕಷ್ಟ. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗಿನಲ್ಲಿ ವಂಚಿಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ.