ಒಪ್ಪದ ರುಜು

ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬೇಕಾದ ಹುಡುಗಿಯೊಬ್ಬಳು ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಗಣಕಯಂತ್ರದಲ್ಲಿ ತೆರೆದಳೆನ್ನಿ. ಅಧಿಕಾರಿಯ ಹೆಸರಿನ ಬಳಿ ಹಳದಿಯ ಪ್ರಶ್ನಾರ್ಥಕ ಚಿಹ್ನೆಯೊಂದು ಮೂಡಿ, ಸಹಿಯ ಸಿಂಧುತ್ವ ತಿಳಿಯದೆಂಬ ಸೂಚನೆ ಕಾಣಿಸಿತು. ಅರ್ಜಿಗೆ ಅಂದೇ ಕಡೆಯ ದಿನ. ಪತ್ರವು ನಕಲಿಯೆಂದು ಆಕೆ ಎದೆಗುಂದಬೇಕೆ? ಬೇಕಾಗಿಲ್ಲ; ಆದರೆ ಆ ಚಿಹ್ನೆಯನ್ನು ಕಡೆಗಣಿಸುವುದೂ ಸಲ್ಲದು.

ಭಾರತದಲ್ಲಿ ಡಿಜಿಟಲ್ ಸಹಿಗೆ ಶಾಸನದ ಮನ್ನಣೆ ದೊರೆತುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮದಿಂದ. ಈ ಸಹಿಯು ಕೈಬರಹದ ಚಿತ್ರವಲ್ಲ. ಕಡತದಲ್ಲಿರುವ ಸಮಸ್ತವನ್ನೂ ಗಣಿತದ ವಿಧಾನವೊಂದು ಸಂಕ್ಷೇಪಿಸಿ, ಸೊನ್ನೆ ಮತ್ತು ಒಂದುಗಳ ಒಂದು ಸಾಲನ್ನಾಗಿ ಮಾಡುತ್ತದೆ. ಸಾಮಾನ್ಯವಾಗಿ ಇದರಲ್ಲಿ 256 ಅಂಕಿಗಳಿರುತ್ತವೆ. ಮೂಲದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಾಲು ಗುರುತು ಸಿಗದಂತೆ ಮಾರ್ಪಡುತ್ತದೆ. ಅಧಿಕಾರಿಯು ತಮ್ಮಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಅದಕ್ಕೆ ಮುದ್ರೆಯೊತ್ತುತ್ತಾರೆ. ಅದರ ಜೋಡಿಯಾದ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆ ಬಹಿರಂಗ ಕೀಲಿ ಅವರದೇ ಎಂಬುದಕ್ಕೆ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯೊಂದು ಸಾಕ್ಷಿ. ಆ ಸಂಸ್ಥೆಗೆ, ಅಧಿನಿಯಮದಡಿ ನೇಮಕಗೊಂಡ ನಿಯಂತ್ರಕರು ಸಾಕ್ಷಿ.

ಹಳದಿಯ ಚಿಹ್ನೆಯ ಗುಟ್ಟು ಇಲ್ಲಿದೆ. ಕಡತವನ್ನು ತೆರೆಯುವ ತಂತ್ರಾಂಶಕ್ಕೆ ಈ ಸಾಕ್ಷಿಗಳ ಪರಿಚಯವಿಲ್ಲದಿರಬಹುದು. ಪರವೂರಿನವನಿಗೆ ನಮ್ಮೂರಿನ ಶಾನುಭೋಗರ ರುಜು ಗುರುತಿಲ್ಲದಿದ್ದಂತೆ. ಆಗ ಸಹಿಯ ವಿವರವನ್ನು ತೆರೆದು, ಸಾಕ್ಷಿಗಳ ಸರಪಣಿಯು 'ಸಿಸಿಎ ಇಂಡಿಯಾ' ಎಂಬ ಮೂಲದವರೆಗೆ ಮುಟ್ಟುವುದೇ ಎಂದು ನೋಡಬೇಕು. ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಲ್ಲರು. ಆದುದರಿಂದ ಮೂಲ ಪ್ರಮಾಣಪತ್ರವನ್ನು ನಿಯಂತ್ರಕರ ಜಾಲತಾಣದಿಂದಲೇ ಪಡೆದು, ಅದನ್ನು ನಂಬುವಂತೆ ತಂತ್ರಾಂಶಕ್ಕೆ ತಿಳಿಸುವುದು ಕ್ಷೇಮ. ಕಂಡ ಕಂಡ ಸಹಿಗೆಲ್ಲ 'ನಂಬು' ಎಂದು ಒತ್ತುವವರು ಪರೀಕ್ಷೆಯನ್ನೇ ಕೈಬಿಟ್ಟಂತೆ.

ಕೆಲವೊಮ್ಮೆ ದೋಷವು ಕಾಲದ್ದು. ಸಹಿಮಾಡುವವರ ಪ್ರಮಾಣಪತ್ರಕ್ಕೂ ಅವಧಿಯುಂಟು. ಸಹಿಯಾದ ಹೊತ್ತನ್ನು ದೃಢಪಡಿಸುವ ಕಾಲಮುದ್ರೆ ಇಲ್ಲದಿದ್ದರೆ, ಅವಧಿ ತೀರಿದ ಬಳಿಕ ತಂತ್ರಾಂಶವು ತಕರಾರು ತೆಗೆಯಬಹುದು. ಗಣಕದ ಗಡಿಯಾರ ತಪ್ಪು ದಿನಾಂಕ ತೋರಿಸುತ್ತಿದ್ದರೂ ಹೀಗಾಗುವುದುಂಟು.

ಕೆಂಪು ಚಿಹ್ನೆ ಬಂದರೆ ಸಂಗತಿ ಗಂಭೀರವಾದುದು. ಹಲವು ವೇಳೆ ಅದರ ಅರ್ಥ, ಸಹಿಯಾದ ಬಳಿಕ ಕಡತವು ಬದಲಾಗಿದೆ ಎಂದು. ಇದಕ್ಕೆ ಮೋಸಗಾರನೇ ಬೇಕೆಂದಿಲ್ಲ. ಅರ್ಜಿಯ ತಾಣವು ದೊಡ್ಡ ಕಡತವನ್ನು ಸ್ವೀಕರಿಸದೆಂದು ಆ ಹುಡುಗಿಯು ಅದರ ಗಾತ್ರವನ್ನು ಕುಗ್ಗಿಸಿದರೂ ಸಹಿ ಮುರಿಯಬಹುದು, ಇಲ್ಲವೆ ಪೂರ್ತಿಯಾಗಿ ಅಳಿದುಹೋಗಬಹುದು. ಆದಾಯದ ಅಂಕಿಯನ್ನು ತಿದ್ದಿದವನಿಗೂ ಗಾತ್ರವನ್ನು ಕುಗ್ಗಿಸಿದವಳಿಗೂ ಗಣಿತವು ಭೇದವೆಣಿಸದು. ಮುರಿದ ಸಹಿಯನ್ನು ಬೆಸೆಯುವ ಉಪಾಯವಿಲ್ಲ. ಮೂಲ ಕಡತವನ್ನೇ ಮತ್ತೆ ಇಳಿಸಿಕೊಳ್ಳಬೇಕು.

ಕಾಗದದ ಮೇಲೆ ಮುದ್ರಿಸಿದ ಪ್ರತಿಯಲ್ಲಂತೂ ಈ ಸಹಿಯ ಚಿತ್ರ ಮಾತ್ರ ಉಳಿಯುತ್ತದೆ. ಅಂಥ ಪ್ರತಿ ಬಂದಾಗ ಪರಿಶೀಲಕರು ಪ್ರಮಾಣಪತ್ರದ ಮೇಲಿನ ಸಂಖ್ಯೆಯನ್ನು ನಾಡಕಚೇರಿಯ ಜಾಲತಾಣದಲ್ಲಿ ನಮೂದಿಸಿ, ಅಲ್ಲಿನ ದಾಖಲೆಯೊಡನೆ ಹೋಲಿಸಿ ನೋಡಬಹುದು.